ಮೊದಲು ನೀರು ನೋಡು

ಕಲಬುರಗಿ

ಪ್ರೀತಿಯ ತಮ್ಮಾ,

ದೊಡ್ಡವ್ವನ ಆಶೀರ್ವಾದ. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಮೊನ್ನೆ ಫೋನಿನಲ್ಲಿ ನೀನು, "ಬಟ್ಟೆ ಒಗೆಯುವ ಫ್ರಂಟ್ ಲೋಡ್ ಮಷೀನು ತಗೊಳ್ಳಬೇಕು, ಯಾವ ಕಂಪನಿದು ಒಳ್ಳೇದು ದೊಡ್ಡವ್ವಾ?" ಅಂತ ಕೇಳಿದೆ. ಒಲೆಯ ಮೇಲೆ ಹಾಲಿತ್ತು, ಎರಡು ಮಾತಿನಲ್ಲಿ ಮುಗಿಸಿಬಿಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ. ಕಂತಿನ ಮೇಲೆ ತರುತ್ತೇವೆ ಅಂತ ಬೇರೆ ನೀನು ಹೇಳಿದ್ದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸಾವಕಾಶ ಓದು, ನಮ್ಮ ಸೊಸೆಗೂ ಓದಿ ಹೇಳು.

ಕಂಪನಿ ಯಾವುದು ಅನ್ನುವುದು ಆಮೇಲಿನ ಮಾತು. ನಿಮ್ಮ ಮನೆಗೆ ಬರುವ ನೀರು ಯಾವುದು? ಅದನ್ನು ಮೊದಲು ನೋಡು.

ನೀವಿರುವ ಶಹಾಬಾದ ಕಲ್ಲಿನ ಊರು. ನಿಮ್ಮ ಮನೆಯ ನೆಲಕ್ಕೆ ಹಾಸಿದ ಪರ್ಸಿ ಇದೆಯಲ್ಲ, ಅದು ಸುಣ್ಣದ ಕಲ್ಲು. ಬೋರಿನ ನೀರು ಅಂಥ ಕಲ್ಲಿನ ಪದರಗಳಲ್ಲೇ ಇಳಿದು, ಸುಣ್ಣ ಕರಗಿಸಿಕೊಂಡು ಬರುತ್ತದೆ. ತಣ್ಣಗಿದ್ದಾಗ ಏನೂ ಕಾಣುವುದಿಲ್ಲ. ಕಾಯಿಸಿದರೆ ಆ ಸುಣ್ಣ ನೀರು ಬಿಟ್ಟು, ಬಿಸಿ ಇರುವ ಜಾಗಕ್ಕೇ ಹೋಗಿ ಅಂಟುತ್ತದೆ. ಫ್ರಂಟ್ ಲೋಡ್ ಮಷೀನಿನ ಹೊಟ್ಟೆಯಲ್ಲಿ ಹೀಟರ್ ಇರುತ್ತದೆ. ಏಟು ಬೀಳುವುದು ಅದಕ್ಕೆ.

ನಮ್ಮ ಮೊದಲ ಮಷೀನು ಮೂರನೇ ವರ್ಷಕ್ಕೆ ನೀರು ಕಾಯಿಸುವುದನ್ನು ನಿಲ್ಲಿಸಿತು. ರಿಪೇರಿಯವರು ಬಂದು ಹೀಟರ್ ಹೊರಗೆ ಎಳೆದರು. ಪೆನ್ಸಿಲ್ ದಪ್ಪದ ಕಡ್ಡಿ ಹೆಬ್ಬೆರಳಿನಷ್ಟು ಆಗಿತ್ತು. ಸುತ್ತಲೂ ಬೂದಿ ಬಣ್ಣದ ಪೊರೆ. ಉಗುರಿನಿಂದ ಕೆರೆದೆ, ಮೊಟ್ಟೆಯ ಸಿಪ್ಪೆಯಂತೆ ಚೂರು ಎದ್ದು ಬಂತು. ಆ ಚೂರಿನ ಮೇಲೆ ಒಂದು ಹನಿ ಲಿಂಬೆರಸ ಬಿಟ್ಟೆ. ಬುಸ್ಸೆಂದು ನೊರೆ ಎದ್ದು ಕರಗತೊಡಗಿತು. ಮೂರು ವರ್ಷ ಈ ಸುಣ್ಣವನ್ನೇ ಕಾಯಿಸಿ ಕರೆಂಟು ಸುಟ್ಟೆವಲ್ಲ ಅಂತ ಹೊಟ್ಟೆ ಉರಿಯಿತು. ಯಾರಾದರೂ ಮೊದಲೇ ಹೇಳಿದ್ದರೆ ಆ ಹೀಟರ್ ಉಳಿಯುತ್ತಿತ್ತು.

ನೀರು ಗಡಸೋ, ಅಂದರೆ ಅದರಲ್ಲಿ ಸುಣ್ಣ ಜಾಸ್ತಿಯೋ ಅಲ್ಲವೋ ಅಂತ ತಿಳಿಯಲು ನಿಮ್ಮ ಅಡುಗೆಮನೆಯೇ ಸಾಕು. ನಮ್ಮ ತೊಗರಿ ಬೇಳೆಯನ್ನು ಒಂದು ಸಲ ನಳದ ನೀರಿನಲ್ಲಿ, ಒಂದು ಸಲ ಬೋರಿನ ನೀರಿನಲ್ಲಿ ಬೇಯಿಸಿ ನೋಡು. ಬೋರಿನದ್ದರಲ್ಲಿ ಬೇಳೆ ಕಾಳುಕಾಳಾಗಿಯೇ ಉಳಿದರೆ ನೀರು ಗಡಸು. ಲೆಕ್ಕ ಬೇಕಿದ್ದರೆ ನೀರಿನಲ್ಲಿ ಅದ್ದಿ ಬಣ್ಣ ನೋಡುವ ಸ್ಟ್ರಿಪ್ ಸಿಗುತ್ತದೆ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 600ರ ತನಕ ನಡೆಯುತ್ತದೆ ಅನ್ನುವುದು ಸರ್ಕಾರದ ಮಾನದಂಡ. ನಿಮ್ಮದು 300 ದಾಟಿದ್ದರೆ ಮಷೀನಿಗೆ ನಳದ ನೀರನ್ನೇ ಕೊಡು. ಮಾಳಿಗೆಯ ಮೇಲೆ ಅದಕ್ಕೊಂದು ಬೇರೆ ಟಾಕಿ ಇಡಿಸಿದರೂ ದುಡ್ಡು ದಂಡವಲ್ಲ.

ಟಾಕಿ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನೂ ಈಗಲೇ ನೋಡು. ಇದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ನೀರು ಒತ್ತಿ ಬರಬೇಕು ಅಂದರೆ ಮಷೀನಿನ ನಳಕ್ಕಿಂತ ಟಾಕಿ ಕಡೇ ಪಕ್ಷ 3 ಮೀಟರ್, ಅಂದರೆ 10 ಅಡಿ ಮೇಲಿರಬೇಕು. ಕೆಲವು ಮಷೀನು 5 ಮೀಟರ್ ಕೇಳುತ್ತವೆ. ನಿಮ್ಮದು ಒಂದೇ ಅಂತಸ್ತಿನ ಮನೆ, ಟಾಕಿ ಮಾಳಿಗೆಯ ಮೇಲೇ ಕೂತಿದೆ ಅಲ್ವಾ? ನೀರು ಸಣ್ಣಗೆ ಬಂದು, ಮಷೀನು ನೀರಿಲ್ಲ ಅಂತ ನಿಂತುಬಿಡುತ್ತದೆ. ಟಾಕಿಯ ಕೆಳಗೆ ಇಟ್ಟಿಗೆಯ ಕಟ್ಟೆ ಕಟ್ಟಿಸು, ಇಲ್ಲವೇ ಚಿಕ್ಕ ಪ್ರೆಷರ್ ಪಂಪು ಹಾಕಿಸು.

ಇನ್ನು ಅಂಗಡಿಯ ಮಾತು. ನೀವಿಬ್ಬರೇ, ನಾಳೆ ಕೂಸು ಬಂದರೂ 7 ಕಿಲೋದ್ದು ಸಾಕು. ಆ ಕಿಲೋ ಅಂದರೆ ಒಣ ಬಟ್ಟೆಯ ತೂಕ, ಅದೂ ಕಾಟನ್ ಪ್ರೋಗ್ರಾಮಿಗೆ ಮಾತ್ರ. ಬೇರೆ ಪ್ರೋಗ್ರಾಮಿಗೆ ಅರ್ಧವೋ ಅದಕ್ಕೂ ಕಡಿಮೆಯೋ ಹಾಕಬೇಕು. ಸ್ಟಾರ್ ಚೀಟಿಯಲ್ಲಿ ಕಿಲೋ ಬಟ್ಟೆಗೆ ಎಷ್ಟು ಕರೆಂಟು, ಎಷ್ಟು ಲೀಟರ್ ನೀರು ಅಂತ ಬರೆದಿರುತ್ತದೆ, ಎರಡನ್ನೂ ಓದು. ಡ್ರೈಯರ್ ಸೇರಿದ ಮಷೀನಿಗೆ ಸುಮ್ನೆ ದುಡ್ಡು ಸುರಿಯಬೇಡ. ನಮ್ಮ ಬಿಸಿಲಿಗೆ ಹಾಕಿದ ಸೀರೆ, ನೀನು ಚಹಾ ಕುಡಿದು ಏಳುವಷ್ಟರಲ್ಲಿ ಒಣಗಿರುತ್ತದೆ. ನಿಮಿಷಕ್ಕೆ 1400 ಸುತ್ತು ತಿರುಗಿ ಬಟ್ಟೆ ಹಿಂಡುವ ಸ್ಪಿನ್ನೂ ಬೇಡ, 1000 ಬೇಕಾದಷ್ಟಾಯಿತು. ಮೋಟಾರಿಗೆ 10 ವರ್ಷ ಗ್ಯಾರಂಟಿ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಕೆಡುವುದು ಜಾಸ್ತಿ ಬೋರ್ಡು, ಪಂಪು, ಹೀಟರು. ಅವಕ್ಕೆ ಎಷ್ಟು ವರ್ಷ ಅಂತ ಬಾಯಿ ಬಿಟ್ಟು ಕೇಳು. ಶಹಾಬಾದಕ್ಕೆ ಬಂದು ರಿಪೇರಿ ಮಾಡುವವರು ಯಾರು ಅಂತಲೂ ಕೇಳು. ಇದರಲ್ಲಿ ಸರಿಯಾದ ಉತ್ತರ ಕೊಟ್ಟ ಕಂಪನಿಯದನ್ನೇ ತಗೋ, ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ.

ಮಷೀನು ಮನೆಗೆ ಬಂದ ದಿನ ಹಿಂದೆ ತಿರುಗಿಸಿ ನೋಡು. ಲಾರಿಯಲ್ಲಿ ಡ್ರಮ್ ಅಲುಗಾಡದಿರಲಿ ಅಂತ ಉದ್ದುದ್ದ ಬೋಲ್ಟು ಹಾಕಿರುತ್ತಾರೆ, ಸಾಮಾನ್ಯವಾಗಿ ನಾಲ್ಕು. ಅವನ್ನು ಬಿಚ್ಚದೆ ಓಡಿಸಿದರೆ ಸ್ಪಿನ್ ಹೊತ್ತಿಗೆ ಮಷೀನು ಕುಣಿದು ಗೋಡೆಗೆ ಬಡಿಯುತ್ತದೆ, ಒಳಗೂ ಮುರಿಯುತ್ತದೆ. ಬಿಚ್ಚಿದ ಬೋಲ್ಟನ್ನು ಬಿಸಾಡಬೇಡ. ಬಾಡಿಗೆ ಮನೆ, ನಾಳೆ ಸಾಗಿಸುವಾಗ ಮತ್ತೆ ಬೇಕು.

ಪರ್ಸಿ ನೆಲ ಕಣ್ಣಿಗೆ ಸಮ ಕಂಡರೂ ಎಲ್ಲೋ ಒಂದು ಮೂಲೆ ತಗ್ಗಿರುತ್ತದೆ. ಮಷೀನಿನ ಎದುರು ಬದುರಿನ ಮೂಲೆ ಒತ್ತಿ ನೋಡು. ಅಲುಗಾಡಿದರೆ ಕಾಲು ತಿರುಗಿಸಿ ಸಮ ಮಾಡಿ ನಟ್ಟು ಬಿಗಿ ಮಾಡಿಸು. ಕಾಲಿನ ಕೆಳಗೆ ರಟ್ಟು, ಹಲಗೆ ಇಡಬೇಡ.

ತಮ್ಮಾ, ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿಯ ವಿಷಯ ಮಾತ್ರ ಮರೆಯಬೇಡ. ನೀರು, ಕರೆಂಟು ಎರಡೂ ಇರುವ ಸಾಮಾನು ಇದು. ದೊಡ್ಡ ಮೂರು ಪಿನ್ನಿನ 16 ಆಂಪ್ ಸಾಕೆಟ್ ಬೇಕು, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ನೆಲ ಬಿರುಕು ಬಿಡುತ್ತದೆ, ಅರ್ಥ್ ಗುಂಡಿಯೂ ಒಣಗುತ್ತದೆ. ಒಣಗಿದ ಮಣ್ಣಿನಲ್ಲಿ ಅರ್ಥ್ ಸರಿಯಾಗಿ ಕೆಲಸ ಮಾಡುವುದಿಲ್ಲ. ವಾರಕ್ಕೊಮ್ಮೆ ಆ ಗುಂಡಿಗೆ ಒಂದು ಕೊಡ ನೀರು ಹಾಕು. ಮಷೀನು ಮುಟ್ಟಿದಾಗ ಸಣ್ಣಗೆ ಜುಮ್ ಅಂದರೂ ಸರಿ, ತಕ್ಷಣ ಬಂದ್ ಮಾಡಿ ಎಲೆಕ್ಟ್ರಿಷಿಯನ್ ಕರೆಸು. ನಾಳೆ ನೋಡೋಣ ಅನ್ನಬೇಡ.

ಒಗೆಯುವ ಮಾತಿಗೆ ಬರುತ್ತೇನೆ. ಡ್ರಮ್ಮಿನಲ್ಲಿ ಬಟ್ಟೆಯ ಮೇಲೆ ಒಂದು ಅಂಗೈ ನಿಲ್ಲುವಷ್ಟು ಜಾಗ ಬಿಡು. ಬಟ್ಟೆ ಮೇಲೇರಿ ಕೆಳಗೆ ಬಿದ್ದರೇನೇ ಕೊಳೆ ಹೋಗುವುದು. ಕೈಯಲ್ಲಿ ಒಗೆಯುವ ಪುಡಿ ಹಾಕಿದರೆ ನೊರೆ ತುಂಬಿ ಬಟ್ಟೆ ಅದರ ಮೇಲೇ ತೇಲುತ್ತದೆ, ಕೊಳೆ ಹಾಗೇ ಉಳಿಯುತ್ತದೆ. ಫ್ರಂಟ್ ಲೋಡ್ ಅಂತ ಬರೆದ ಪುಡಿಯನ್ನೇ ತಾ.

ಬಿಸಿನೀರು ಎಲ್ಲಕ್ಕೂ ಬೇಡ. ಬೇಸಿಗೆಯ ಮಧ್ಯಾಹ್ನ ಟಾಕಿಯ ನೀರಿಗೆ ಕೈ ಇಟ್ಟರೆ ಸುಡುತ್ತದೆ. ಹಾಸಿಗೆ ಬಟ್ಟೆ, ಟವೆಲ್ಲು ಆ ಹೊತ್ತಿಗೆ ಹಾಕು, ಹೀಟರಿಗೆ ಕೆಲಸವೇ ಬೀಳುವುದಿಲ್ಲ. ಬಣ್ಣದ ಬಟ್ಟೆ ಬೆಳಗ್ಗೆ ನೀರು ತಣ್ಣಗಿರುವಾಗ ಹಾಕು. ಚಳಿಗಾಲದಲ್ಲೂ 40 ಡಿಗ್ರಿ ಸಾಕು. 60 ಇಟ್ಟಷ್ಟೂ ಸುಣ್ಣ ಜಾಸ್ತಿ ಕೂರುತ್ತದೆ, ಕರೆಂಟೂ ನೀರು ಕಾಯಿಸಲಿಕ್ಕೇ ಜಾಸ್ತಿ ಹೋಗುತ್ತದೆ.

ಇಳಕಲ್ ಸೀರೆ ಮಷೀನಿಗೆ ಹಾಕಬೇಡಿ, ಸೆರಗಿನ ಕೆಂಪು ಒಡಲಿಗೆ ಹತ್ತುತ್ತದೆ. ಅಜ್ಜಿ ಹೊಲಿದ ಕೌದಿಯೂ ಬೇಡ. ನೀರು ಕುಡಿದ ಕೌದಿ ಡ್ರಮ್ಮಿನ ಒಂದೇ ಕಡೆ ಕಲ್ಲಿನಂತೆ ಕೂರುತ್ತದೆ, ಬೇರಿಂಗಿಗೆ ಪೆಟ್ಟು. ಅದನ್ನು ನನ್ನ ಹತ್ತಿರ ಕಳಿಸು, ಬಂಡೆಯ ಮೇಲೆ ಒಗೆಸಿ ಕೊಡುತ್ತೇನೆ.

ಒಗೆದ ಮೇಲೆ ಬಾಗಿಲಿನ ರಬ್ಬರಿನ ಮಡಿಕೆಯಲ್ಲಿ ಬೆರಳು ಹಾಕಿ ನೀರು ಒರೆಸು, ಬಾಗಿಲು ಸ್ವಲ್ಪ ತೆರೆದಿಡು. ಇಲ್ಲದಿದ್ದರೆ ಕಪ್ಪು ಬೂಸು ಬಂದು ಬಟ್ಟೆಯೆಲ್ಲ ಮುಗ್ಗುಲು ವಾಸನೆ. ತಿಂಗಳಿಗೊಮ್ಮೆ ಮುಂದೆ ಕೆಳಗಿನ ಮೂಲೆಯ ಫಿಲ್ಟರ್ ತೆಗೆ, ಅದರ ಕೆಳಗೆ ತಾಟು ಇಟ್ಟುಕೋ. ನಮ್ಮದರಲ್ಲಿ ಎರಡು ರೂಪಾಯಿ ನಾಣ್ಯ, ಸೇಫ್ಟಿ ಪಿನ್ನು, ನಿಮ್ಮ ದೊಡ್ಡಪ್ಪನ ಜೇಬಿನ ಅಡಿಕೆ ಚೂರು ಸಿಕ್ಕಿದ್ದವು. ನೀರು ಒಳಗೆ ಬರುವ ಪೈಪಿನ ಬಾಯಿಯ ಜಾಲರಿಯನ್ನೂ ಹಳೇ ಬ್ರಷ್ಷಿನಿಂದ ತಿಕ್ಕು.

ಎರಡು ಮೂರು ತಿಂಗಳಿಗೊಮ್ಮೆ ಸುಣ್ಣ ತೆಗೆಯಬೇಕು. ನಾನು ಮಾಡುವುದು ಹೀಗೆ. ಸಿಟ್ರಿಕ್ ಆ್ಯಸಿಡ್ 100 ಗ್ರಾಂ ತರುತ್ತೇನೆ, ಸಕ್ಕರೆಯಂತೆ ಹರಳಾಗಿರುತ್ತದೆ. ಖಾಲಿ ಡ್ರಮ್ಮಿಗೆ ಹಾಕಿ 60 ಡಿಗ್ರಿಯಲ್ಲಿ ಒಂದು ಸಲ ಓಡಿಸುತ್ತೇನೆ. ಜೊತೆಗೆ ಬ್ಲೀಚು ಸೇರಿಸಬಾರದು, ವಿಷದ ಗಾಳಿ ಏಳುತ್ತದೆ. ನಿಮ್ಮ ಮಷೀನಿನ ಪುಸ್ತಕದಲ್ಲಿ ಸಿಟ್ರಿಕ್ ಬೇಡ ಅಂತ ಇದ್ದರೆ ಅವರು ಹೇಳಿದ ಪುಡಿಯನ್ನೇ ಹಾಕು.

ಈ ಭಾನುವಾರ ಟಾಕಿಯ ಎತ್ತರ ಟೇಪು ಹಿಡಿದು ಅಳೆದು ಫೋನು ಮಾಡು. ಬರುವಾಗ ಬೋರಿನ ನೀರು ಒಂದು ಬಾಟಲಿ ತುಂಬಿಕೊಂಡು ಬಾ. ಸ್ಟ್ರಿಪ್ ನನ್ನ ಹತ್ತಿರ ಇನ್ನೂ ನಾಲ್ಕು ಉಳಿದಿವೆ. ನೋಡಿಕೊಂಡೇ ಅಂಗಡಿಗೆ ಹೋಗೋಣ, ನಾನೂ ಬರುತ್ತೇನೆ.

ನಿನ್ನ
ದೊಡ್ಡವ್ವ