ಈ ಕೆಲಸ ಯಾರದು? ಕತೆ ಬರೆಯುವ ಹುಡುಗಿಗೊಂದು ಪತ್ರ

ಪ್ರೀತಿಯ ಸುಮಾ,

ನಿನ್ನ ಕತೆ ಕೈಸೇರಿ ಹದಿನೈದು ದಿನವಾಯಿತು. ಎರಡು ಸಲ ಸುಮ್ಮನೆ ಓದಿದೆ, ಮೂರನೆಯ ಸಲ ಪೆನ್ಸಿಲ್ ಹಿಡಿದು ಓದಿದೆ. 'ನೀವು' ಅಂದರೆ ದೂರವಾಗುತ್ತದೆ ಸರ್, 'ನೀನು' ಅಂತಲೇ ಬರೆಯಿರಿ ಎಂದಿದ್ದೀಯ. ಹಾಗೇ ಆಗಲಿ.

ಅಜ್ಜ ಹೋಗಿ ವಾರವಾದ ಮೇಲೆ ರಜೆ ಸಿಕ್ಕಿ, ರಾತ್ರಿ ಒಂಬತ್ತಕ್ಕೆ ಊರಿನ ಕ್ರಾಸಿನಲ್ಲಿ ಬಸ್ಸಿಳಿಯುವ ಹುಡುಗಿ. ಅಂಗಳದಲ್ಲಿ ಹರವಿದ ಅಡಿಕೆ. ಬರಬಾರದ ಕಾಲಕ್ಕೆ ಬಂದ ಮಳೆ. ಕತೆ ನಿನ್ನ ಕೈಯಲ್ಲಿದೆ, ಆ ಬಗ್ಗೆ ನನಗೆ ಅನುಮಾನವಿಲ್ಲ. ವಾಕ್ಯ ಮಾತ್ರ ಅಲ್ಲಲ್ಲಿ ನಿನ್ನ ಕೈತಪ್ಪಿದೆ. ವ್ಯಾಕರಣವನ್ನು ಹತ್ತನೇ ಕ್ಲಾಸಿನಲ್ಲೇ ಬಿಟ್ಟು ಬಂದೆ, ಕತೆಗಾರರಿಗೆ ಅದು ನಿಜಕ್ಕೂ ಬೇಕಾ ಎಂದು ಕೇಳಿದ್ದೀಯಲ್ಲ, ಉತ್ತರ ಅಲ್ಲಿಂದಲೇ ಶುರು ಮಾಡುತ್ತೇನೆ.

13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಎಂಬ ಕನ್ನಡ ವ್ಯಾಕರಣ ಬರೆದ ಕೇಶಿರಾಜ ಕವಿಗಳ ಮನೆತನದವನು. ತಂದೆ ಮಲ್ಲಿಕಾರ್ಜುನ ಕಾವ್ಯಗಳಿಂದ ಒಳ್ಳೆಯ ಪದ್ಯಗಳನ್ನು ಆರಿಸಿ ಸಂಕಲನ ಮಾಡಿದವನು, ಸೋದರಮಾವ ಕವಿ ಜನ್ನ. ಕೇಶಿರಾಜ ತನ್ನ ಸೂತ್ರಗಳಿಗೆ ಆಧಾರ ಹುಡುಕಿದ್ದು ಹಿಂದಿನ ಕವಿಗಳ ಪ್ರಯೋಗಗಳಲ್ಲಿ. ಅಂದರೆ ನಮ್ಮಲ್ಲಿ ವ್ಯಾಕರಣ ಬರಹಗಾರರ ಹಿಂದೆ ನಡೆದು ಬಂದದ್ದು, ಅವರು ಮಾಡಿದ್ದನ್ನು ನೋಡಿ ಹೆಸರಿಟ್ಟದ್ದು. ಅವನು ಕ್ರಿಯಾಪದವನ್ನು 'ಆಖ್ಯಾತ' ಎಂದು ಕರೆದು ಅದಕ್ಕೆ ಒಂದು ಪ್ರಕರಣವನ್ನೇ, ಅಂದರೆ ಅಧ್ಯಾಯವನ್ನೇ ಮೀಸಲಿಟ್ಟ, ಕ್ರಿಯೆಯ ಮೂಲರೂಪಗಳಾದ ಧಾತುಗಳಿಗೆ ಮತ್ತೊಂದು. ಎಂಟು ಪ್ರಕರಣಗಳ ಪುಸ್ತಕದಲ್ಲಿ ಎರಡು ಕ್ರಿಯೆಗೇ ಹೋಗಿವೆ. ಕನ್ನಡ ವಾಕ್ಯದ ಭಾರ ಎಲ್ಲಿ ಬೀಳುತ್ತದೆಂದು ಅವನಿಗೆ ಗೊತ್ತಿತ್ತು.

ನೀನು ವ್ಯಾಕರಣ ಪುಸ್ತಕ ಬಾಯಿಪಾಠ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಬರೆದದ್ದನ್ನು ತಿದ್ದುವಾಗ ಪ್ರತಿ ಕ್ರಿಯಾಪದದ ಮೇಲೂ ಬೆರಳಿಟ್ಟು ಒಂದೇ ಪ್ರಶ್ನೆ ಕೇಳು: ಈ ಕೆಲಸ ಯಾರದು? ಕನ್ನಡದ ಕ್ರಿಯಾಪದ ಉತ್ತರವನ್ನು ತನ್ನ ತುದಿಯಲ್ಲೇ ಕಟ್ಟಿಕೊಂಡಿರುತ್ತದೆ. ಬಂದೆ, ಬಂದೆವು, ಬಂದಿರಿ, ಬಂದಳು, ಬಂದರು, ಬಂತು. 'ನಾವು' ಎಂದು ಬರೆಯದಿದ್ದರೂ 'ಬಂದೆವು' ಎಂಬಲ್ಲಿ ನಾವು ಇದ್ದೇವೆ.

ಈಗ ನಿನ್ನ ಎರಡನೇ ಪ್ಯಾರಾದ ಮೊದಲ ವಾಕ್ಯ ನೋಡು. 'ಬಸ್ಸಿನಿಂದ ಇಳಿದು ಮಳೆ ಶುರುವಾಯಿತು.' ಇಳಿದದ್ದು ಯಾರು? ನಿನ್ನ ಹುಡುಗಿ. ಶುರುವಾದದ್ದು? ಮಳೆ. ಆದರೆ 'ಇಳಿದು' ಎನ್ನುವುದು ಅಪೂರ್ಣ ಕ್ರಿಯೆ, ಶಾಲೆಯಲ್ಲಿ ಅದನ್ನು ಕೃದಂತಾವ್ಯಯ ಎಂದು ಕಲಿತಿರುತ್ತೀಯ. ಅದಕ್ಕೆ ತನ್ನದೇ ಆದ ತುದಿಯಿಲ್ಲ, ನಾನು, ನೀನು, ಅವಳು ಎನ್ನುವ ಗುರುತಿಲ್ಲ. ಹಾಗಾಗಿ ಅದು ಮುಂದಿನ ಪೂರ್ಣ ಕ್ರಿಯೆಯ ಒಡೆಯನನ್ನೇ ತನ್ನ ಒಡೆಯ ಎಂದುಕೊಳ್ಳುತ್ತದೆ. ಓದುವವರ ಕಣ್ಣಿಗೆ ಒಂದು ಕ್ಷಣ ಮಳೆಯೇ ಬಸ್ಸಿನಿಂದ ಇಳಿಯುತ್ತದೆ. ಒಡೆಯರು ಇಬ್ಬರಾದಾಗ ಕನ್ನಡ ಬೇರೆ ರೂಪ ಕೊಟ್ಟಿದೆ: 'ಬಸ್ಸಿನಿಂದ ಇಳಿದಾಗ', 'ಇಳಿಯುವಷ್ಟರಲ್ಲಿ', 'ಇಳಿಯುತ್ತಿದ್ದಂತೆ', 'ಇಳಿದ ಮೇಲೆ'. ಇವು ಒಂದೇ ಅಲ್ಲ. 'ಇಳಿಯುವಷ್ಟರಲ್ಲಿ' ಎಂದರೆ ಅವಳ ಕಾಲು ನೆಲ ಮುಟ್ಟುವ ಮೊದಲೇ ಮಳೆ ಬಂದಿದೆ, 'ಇಳಿದ ಮೇಲೆ' ಎಂದರೆ ಬಸ್ಸು ಹೊರಟುಹೋಗಿ ಅವಳು ಒಂಟಿಯಾಗಿ ನಿಂತಿರುವಾಗ ಬಂದಿದೆ. ನಿನ್ನ ಕತೆಗೆ ಎರಡನೆಯದೇ ಬೇಕು ಎಂದು ನನಗನಿಸುತ್ತದೆ.

'ಮಳೆ ಬಂದು ಅಡಿಕೆ ನೆನೆಯಿತು' ಎಂದು ಬರೆದಿದ್ದೀಯಲ್ಲ, ಅಲ್ಲೂ ಇಬ್ಬರು ಒಡೆಯರಿದ್ದಾರೆ, ಆದರೆ ಅದು ಸರಿ. ಮಳೆ ಬೇಕೆಂದು ಬರಲಿಲ್ಲ, ಅಡಿಕೆ ಬೇಕೆಂದು ನೆನೆಯಲಿಲ್ಲ. ತಾನಾಗಿ ಆದ ಒಂದು ಸಂಗತಿ ಇನ್ನೊಂದಕ್ಕೆ ಕಾರಣವಾಗಿದೆ. ಅಲ್ಲಿ ಭಾಷೆ ಇಬ್ಬರನ್ನೂ ಒಂದೇ ಸೂರಿನಡಿ ಬಿಡುತ್ತದೆ. 'ನಾನು ಬಾಗಿಲು ತೆಗೆದು ಬೆಕ್ಕು ಒಳಗೆ ಬಂತು' ಎಂದರೆ ಮಾತ್ರ ಕಿವಿ ಒಪ್ಪುವುದಿಲ್ಲ. ಬಾಯಿಬಿಟ್ಟು ಓದಿನೋಡು, ತಿಳಿಯುತ್ತದೆ.

ಒಡೆಯರು ಒಬ್ಬರೇ ಆಗಿದ್ದಾಗ ಈ ಅಪೂರ್ಣ ಕ್ರಿಯೆಯಂಥ ಸಂಪತ್ತು ಇನ್ನೊಂದಿಲ್ಲ. 'ನಾನು ಒಳಗೆ ಹೋದೆ ಮತ್ತು ಕೂತೆ ಮತ್ತು ಅತ್ತೆ' ಎಂದು ನೀನು ಬರೆದ ಕಡೆ ಪೆನ್ಸಿಲಿನಿಂದ ಎರಡು 'ಮತ್ತು'ಗಳನ್ನು ಸುತ್ತಿದ್ದೇನೆ. ಎರಡು ಪೂರ್ಣ ಕ್ರಿಯೆಗಳನ್ನು 'ಮತ್ತು' ಹಾಕಿ ಹೊಲಿಯುವುದು ನಮ್ಮ ಮಾತಿನ ರೂಢಿಯಲ್ಲ. ಮನೆಯಲ್ಲಿ ಯಾರಾದರೂ ಹಾಗೆ ಮಾತಾಡುವುದನ್ನು ಕೇಳಿದ್ದೀಯಾ? 'ಒಳಗೆ ಹೋಗಿ ಕೂತು ಅತ್ತೆ.' ಈಗ ಅಳು ವಾಕ್ಯದ ಕೊನೆಗೆ ಬಂದು ನಿಂತಿತು. ಕನ್ನಡದ ವಾಕ್ಯ ಕೊನೆಯ ಕ್ರಿಯಾಪದ ಬರುವವರೆಗೆ ಉಸಿರು ಹಿಡಿದಿರುತ್ತದೆ, ಉಸಿರು ಬಿಡುವ ಜಾಗವನ್ನು ನೀನು ಆರಿಸಬೇಕು. ಅಳು ದೊಡ್ಡದಲ್ಲ, ಕೂತದ್ದೇ ದೊಡ್ಡದು ಎಂದಿದ್ದರೆ 'ಅಳುತ್ತ ಹೋಗಿ ಅಜ್ಜನ ಕುರ್ಚಿಯಲ್ಲಿ ಕೂತೆ' ಎಂದು ಬರೆ. 'ಅತ್ತು ಬಂದಳು' ಎಂದರೆ ಅಳು ಮುಗಿದಿದೆ, 'ಅಳುತ್ತ ಬಂದಳು' ಎಂದರೆ ಕಣ್ಣೀರು ಇನ್ನೂ ಇದೆ, 'ಅಳದೆ ಬಂದಳು' ಎಂದರೆ ಅವಳು ಅಳುತ್ತಾಳೆಂದು ಎಲ್ಲರೂ ಕಾಯುತ್ತಿದ್ದರು. ಒಂದು ಪ್ರತ್ಯಯ ಬದಲಾದರೆ ಒಂದು ದೃಶ್ಯವೇ ಬದಲಾಗುತ್ತದೆ.

ಇನ್ನು ನನಗೆ ನಿಜವಾಗಿ ನೋವಾದ ವಾಕ್ಯ. 'ಅಜ್ಜಿಯಿಂದ ಬಾಗಿಲು ತೆರೆಯಲ್ಪಟ್ಟಿತು.' ಇದು ಕರ್ಮಣಿ ಪ್ರಯೋಗ, ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ಯಾವ ಮೊಮ್ಮಗಳೂ ತನ್ನ ಅಜ್ಜಿಯ ಬಗ್ಗೆ ಹೀಗೆ ಮಾತಾಡುವುದಿಲ್ಲ. 'ಅಜ್ಜಿ ಬಾಗಿಲು ತೆಗೆದಳು', ಅಷ್ಟೇ. ಕತ್ತಲಲ್ಲಿ ತೆಗೆದವರು ಯಾರೆಂದು ಹುಡುಗಿಗೆ ಕಾಣಲಿಲ್ಲ ಎಂದು ಹೇಳಬೇಕಿದ್ದರೆ 'ಬಾಗಿಲು ತೆರೆಯಿತು' ಎನ್ನು. 'ತೆರೆ' ಎಂಬ ಧಾತು ಸಕರ್ಮಕವೂ ಹೌದು (ಬಾಗಿಲನ್ನು ತೆರೆದಳು), ಅಕರ್ಮಕವೂ ಹೌದು (ಬಾಗಿಲು ತೆರೆಯಿತು), ಕರ್ತೃವನ್ನು, ಅಂದರೆ ಕೆಲಸ ಮಾಡಿದವರನ್ನು ಮರೆಯಲ್ಲಿಡಲು ಅದಕ್ಕೆ 'ಅಲ್ಪಟ್ಟಿತು' ಬೇಕಿಲ್ಲ.

ಕರ್ತೃವನ್ನು ಮರೆಯಲ್ಲಿಡುವ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ, ನಿನಗೆ ಹೇಳಬೇಕು. ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ಪತ್ರಿಕೆಯಲ್ಲಿ ವರದಿಗಾರನಾಗಿ ಸೇರಿದ್ದೆ. ಕುಡಿಯುವ ನೀರಿಗಾಗಿ ರಸ್ತೆ ತಡೆದು ಕೂತ ಹೆಂಗಸರ ಮೇಲೆ ಪೊಲೀಸರು ಲಾಠಿ ಬೀಸಿದರು, ನಾನು ಅಲ್ಲೇ ನಿಂತಿದ್ದೆ. ಕಚೇರಿಗೆ ಬಂದು 'ಗುಂಪನ್ನು ಚದುರಿಸಲಾಯಿತು' ಎಂದು ಬರೆದೆ. ಅದು ಹಾಗೇ ಅಚ್ಚಾಯಿತು. ಮರುದಿನ ಅವರಲ್ಲೊಬ್ಬರು ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಬಂದು, ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು, 'ಚದುರಿಸಿದ್ದು ಯಾರು ತಮ್ಮಾ? ನೀನೂ ಅಲ್ಲೇ ಇದ್ಯಲ್ಲ' ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಆ 'ಲಾಯಿತು' ಎಂಬ ರೂಪ ನಾನು ಹೆಸರಿಸಬೇಕಾದವರನ್ನು ಹೆಸರಿಸದೆ ಪಾರಾಗಲು ದಾರಿ ಮಾಡಿಕೊಟ್ಟಿತ್ತು. ಅರ್ಜಿಗೆ ಬರುವ ಉತ್ತರಗಳಲ್ಲಿ 'ಕ್ರಮ ಕೈಗೊಳ್ಳಲಾಗುವುದು' ಎಂದಿರುತ್ತದಲ್ಲ, ಕೈಗೊಳ್ಳುವವರು ಯಾರು, ಯಾವಾಗ ಎಂದು ಆ ವಾಕ್ಯವನ್ನು ಹಿಡಿದು ಕೇಳಲು ಬರುವುದಿಲ್ಲ, ಹಿಡಿಯಲು ಅದರಲ್ಲಿ ಯಾರೂ ಇಲ್ಲ. 'ಇಲ್ಲಿ ಛತ್ರಿ ರಿಪೇರಿ ಮಾಡಿಕೊಡಲಾಗುತ್ತದೆ' ಎಂಬ ಬೋರ್ಡಿನ ಮೇಲೆ ನನ್ನ ತಕರಾರಿಲ್ಲ, ಮಾಡಿಕೊಡುವವನು ಬೋರ್ಡಿನ ಕೆಳಗೇ ಕೂತಿರುತ್ತಾನೆ. ಮನುಷ್ಯರಿಗೆ ನೋವಾದ ಕಡೆ ಮಾತ್ರ ಆ ರೂಪವನ್ನು ನಾನು ಮತ್ತೆ ಬಳಸಿಲ್ಲ.

ನಿಷೇಧದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 'ಬಂದೆವು' ಎಂದರೆ ನಾವು ಎಂದು ಗೊತ್ತಾಗುತ್ತದೆ ಎಂದೆನಲ್ಲ, 'ಬರಲಿಲ್ಲ' ಎಂದರೆ? ನಾನೂ ಬರಲಿಲ್ಲ, ನೀನೂ ಬರಲಿಲ್ಲ, ಅವರೂ ಬರಲಿಲ್ಲ. 'ಇಲ್ಲ'ಕ್ಕೆ ಲಿಂಗವಿಲ್ಲ, ವಚನವಿಲ್ಲ, ಪುರುಷವಿಲ್ಲ. ಹಿಂದಿನ ಕನ್ನಡದಲ್ಲಿ ಬಾರೆನು, ಬಾರನು, ಬಾರರು ಎಂದು ನಿಷೇಧಕ್ಕೂ ತುದಿಯಿತ್ತು, ಇಂದು ಅದು 'ಅರಿಯೆ', 'ಒಲ್ಲೆ'ಯಂಥ ಕೆಲವು ಮಾತುಗಳಲ್ಲಿ ಉಳಿದಿದೆ. ನಿನ್ನ ಕತೆಯ ನಡುವೆ 'ಕೊನೆಗೂ ಫೋನ್ ಮಾಡಲಿಲ್ಲ' ಎಂದಿದೆ. ಮಾಡದೆ ಇದ್ದದ್ದು ಹುಡುಗಿಯೋ ಅಜ್ಜನೋ? ನಾನು ಅರ್ಧ ಪುಟ ಅಜ್ಜ ಎಂದುಕೊಂಡೇ ಓದಿದೆ. ಅಲ್ಲಿ 'ನಾನು' ಹಾಕಲೇಬೇಕು. ಆ ಒಂದು ಪದದಿಂದ ಅವಳ ಅಪರಾಧಭಾವವೂ ಅವಳ ಹೆಗಲಿಗೇ ಬರುತ್ತದೆ.

ಇದೇ ಗುಣವನ್ನು ಬಸವಣ್ಣ ಎಷ್ಟು ದೊಡ್ಡದು ಮಾಡಿದರು ನೋಡು. ಕಳಬೇಡ, ಕೊಲಬೇಡ ಎಂದು ಶುರುವಾಗುವ ವಚನದಲ್ಲಿ ಏಳು 'ಬೇಡ'ಗಳಿವೆ. 'ಬೇಡ'ಕ್ಕೂ 'ಇಲ್ಲ'ದ ಹಾಗೆ ಪುರುಷದ ಗುರುತಿಲ್ಲ. ಕೇಳುವವನಿಗೆ ಹೇಳಿದ್ದು ಹೇಳುವವನಿಗೂ ಅನ್ವಯಿಸುತ್ತದೆ. ಆಮೇಲೆ ಬರುವ 'ಇದೇ ಅಂತರಂಗಶುದ್ಧಿ, ಇದೇ ಬಹಿರಂಗಶುದ್ಧಿ' ಎಂಬಲ್ಲಿ ಕ್ರಿಯಾಪದವೇ ಇಲ್ಲ. ಕನ್ನಡಕ್ಕೆ ಅಲ್ಲಿ ಅದು ಬೇಕಾಗುವುದೂ ಇಲ್ಲ. 'ಇವನು ನನ್ನ ತಮ್ಮ' ಎಂದರೆ ವಾಕ್ಯ ತುಂಬಿತು, 'ಆಗಿದ್ದಾನೆ' ಎಂದು ಸೇರಿಸುವುದು ಬೇರೆ ಭಾಷೆಯ ಚಾಳಿ. ನಿನ್ನ ಕತೆಯಲ್ಲಿ ನಾಲ್ಕು ಕಡೆ 'ಆಗಿದ್ದಾರೆ' ಹೊಡೆದುಹಾಕಿದ್ದೇನೆ.

ಕೆಲವು ಕೆಲಸಗಳಿಗೆ ನಾವು ಒಡೆಯರೇ ಅಲ್ಲ, ಅದೂ ಕನ್ನಡಕ್ಕೆ ಗೊತ್ತು. 'ನಾನು ಅತ್ತೆ' ಎಂದರೆ ಅತ್ತದ್ದು ನಾನು. 'ನನಗೆ ಅಳು ಬಂತು' ಎಂದರೆ ಬಂದದ್ದು ಅಳು, 'ಬಂತು' ಎಂಬ ಕ್ರಿಯಾಪದ ಅಳುವಿನ ಮಾತು ಕೇಳುತ್ತದೆ, ನನ್ನದಲ್ಲ. ಹಸಿವು, ನಿದ್ದೆ, ನೆನಪು, ಸಿಟ್ಟು, ಭಯ ಎಲ್ಲವೂ ನಮ್ಮ ಭಾಷೆಯಲ್ಲಿ ಹೀಗೆ ಹೊರಗಿನಿಂದ ಬಂದು ಮುಟ್ಟುತ್ತವೆ. ಅಜ್ಜನ ಕನ್ನಡಕ ಕಂಡ ಗಳಿಗೆಯಲ್ಲಿ ನಿನ್ನ ಹುಡುಗಿಯ ಬಾಯಲ್ಲಿ 'ನಾನು ಅತ್ತೆ' ಎನ್ನಿಸಿದ್ದೀಯ. ಅವಳು ಅಳಬಾರದೆಂದು ಹಟ ಹಿಡಿದವಳು. ಅವಳಿಗೆ ಅಳು ಬರಬೇಕು ಸುಮಾ, ಅವಳು ಅಳಬಾರದು.

ಮತ್ತೆ ಆ ಕಾಫಿಯ ದೃಶ್ಯ. 'ಅಜ್ಜಿ ಕಾಫಿ ಮಾಡಿದಳು' ಎಂದಷ್ಟೇ ಬರೆದು ಮುಂದೆ ಹೋಗಿದ್ದೀಯ. ಕನ್ನಡ ಇಂಥ ಕಡೆ ಒಂದು ಕ್ರಿಯೆಯ ಬೆನ್ನಿಗೆ ಇನ್ನೊಂದನ್ನು ಕಟ್ಟಿ, ಕೆಲಸ ಯಾರಿಗಾಗಿ ಆಯಿತೆಂಬುದನ್ನೂ ಹೇಳಿಬಿಡುತ್ತದೆ. 'ಮಾಡಿಕೊಟ್ಟಳು' ಎಂದರೆ ಮೊಮ್ಮಗಳಿಗಾಗಿ. 'ಮಾಡಿಕೊಂಡಳು' ಎಂದರೆ ತನಗಾಗಿ, ಅಜ್ಜ ಹೋದ ಮೇಲೆ ಒಬ್ಬಳೇ ಕುಡಿಯುವ ಕಾಫಿ. 'ಮಾಡಿಬಿಟ್ಟಳು' ಎಂದರೆ ಬೇಡವೆನ್ನುವ ಮೊದಲೇ ಆಗಿಹೋಗಿದೆ, ಅಥವಾ ಅಭ್ಯಾಸಬಲದಿಂದ ಎರಡು ಲೋಟ ಮಾಡಿದ್ದಾಳೆ. 'ಮಾಡಿಟ್ಟಳು' ಎಂದರೆ ಇನ್ನೂ ಬಾರದವರಿಗಾಗಿ ಮುಚ್ಚಿಟ್ಟಿದ್ದಾಳೆ. ಇವುಗಳಲ್ಲಿ ಯಾವುದು ನಿನ್ನ ಅಜ್ಜಿಯದು? ನಾನು ಹೇಳಲಾರೆ, ನಿನಗೇ ಗೊತ್ತಿರಬೇಕು.

ಸಣ್ಣಪುಟ್ಟವು ಬೇಗ ಹೇಳಿಬಿಡುತ್ತೇನೆ. 'ಯಾವ ಕೋಣೆಯಲ್ಲಿ ಅಜ್ಜ ಕೊನೆಯುಸಿರೆಳೆದಿದ್ದನೋ ಆ ಕೋಣೆ' ಬೇಡ, 'ಅಜ್ಜ ಕೊನೆಯುಸಿರೆಳೆದ ಕೋಣೆ' ಸಾಕು, ಇಡೀ ಉಪವಾಕ್ಯವನ್ನು 'ಎಳೆದ' ಎಂಬ ಒಂದು ಪದ ಹೊರುತ್ತದೆ. 'ನಾನೇ ನೋಡಿಕೊಳ್ಳುತ್ತೇನೆ ಎಂದು ಚಿಕ್ಕಪ್ಪ ಹೇಳಿದ' ಎಂಬಲ್ಲಿ ಆ 'ನಾನು' ಕತೆ ಹೇಳುವವಳೋ ಚಿಕ್ಕಪ್ಪನೋ ಎಂಬ ಗೊಂದಲವಿದೆ, 'ತಾನೇ ನೋಡಿಕೊಳ್ಳುವುದಾಗಿ' ಎಂದರೆ ಬಗೆಹರಿಯುತ್ತದೆ.

ಒಂದು ಮಾತು ಉಳಿಯಿತು. ಕತೆಯ ಉದ್ದಕ್ಕೂ ಅಜ್ಜಿಗೆ 'ಬಂದಳು', 'ಹೋದಳು' ಎಂದು ಬರೆದವಳು ಕೊನೆಯ ಸಾಲಿನಲ್ಲಿ ಇದ್ದಕ್ಕಿದ್ದಂತೆ ಮನೆಮಾತಿಗೆ ಜಾರಿದ್ದೀಯ: 'ಅಜ್ಜಿ ನಂಗೆ ಅನ್ನ ತೆಗೆದಿಟ್ಟಿತ್ತು.' ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದ್ದೀಯ, ತಪ್ಪೇನೋ ಎಂಬ ಅಳುಕಿನಿಂದ. ನಮ್ಮ ಹವ್ಯಕರ ಮನೆಗಳಲ್ಲಿ ಹೆಂಗಸರಿಗೂ 'ಬಂತು', 'ಹೋತು' ಎನ್ನುವುದು ರೂಢಿ, ಅದರಲ್ಲಿ ಅಗೌರವವಿಲ್ಲ. ಶಾಲೆಯ ವ್ಯಾಕರಣ ಅದನ್ನು ನಪುಂಸಕಲಿಂಗ ಎಂದು ಕರೆಯಬಹುದು. ಆದರೆ ನೀನು ಹುಟ್ಟಿದಾಗಿನಿಂದ ಆ ಅಜ್ಜಿಯನ್ನು ಕರೆದದ್ದು ಆ ತುದಿಯಿಂದಲೇ. ಅದೂ ಅಲ್ಲದೆ ಆ 'ಇಟ್ಟಿತ್ತು'ವಿನಲ್ಲಿ ರಾತ್ರಿ ಒಂಬತ್ತರವರೆಗೆ ಕಾದ ತಟ್ಟೆಯಿದೆ. ಉಳಿದದ್ದೆಲ್ಲ ತಿದ್ದಿ ಇನ್ನೊಮ್ಮೆ ಕಳಿಸು. ಈ ಸಾಲನ್ನು ಮುಟ್ಟಬೇಡ, ಆ ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಅಳಿಸಿಬಿಡು.

ಇಂತಿ,
ನಿನ್ನ ಹಿರಿಯ ಓದುಗ