ಹೆಬ್ಬೆರಳಿನ ವಿಷಯವಾಗಿ ಮಂಜನಿಗೊಂದು ಪತ್ರ

ಲೋ ಮಂಜ,

ಬೆಂಗಳೂರು ಬಿಡುವಾಗ ನೀನು ನನ್ನ ತಲೆಗೆ ಕಟ್ಟಿ ಹೋದ ಆ ಪಿಎಸ್ ಟೂ (ಹಳೇ ಪ್ಲೇಸ್ಟೇಷನ್ 2) ಗೇಮ್ ಕಂಟ್ರೋಲರುಗಳು ಕೊನೆಗೂ ಕಂಪ್ಯೂಟರಿನಲ್ಲಿ ಕೆಲಸ ಮಾಡ್ತಿವೆ. ವಾಟ್ಸಾಪ್ ಮೆಸೇಜ್ ನೀನು ನೋಡಲ್ಲ, ಅದಕ್ಕೇ ಊರಿಗೆಲ್ಲ ಕಾಣೋ ಹಾಗೆ ಇಲ್ಲಿ ಬರೀತಿದೀನಿ. ಮಿಕ್ಕವರೂ ಓದಿ ನಗಲಿ, ಎಮ್ಮೆ ಡಾಕ್ಟರ್ ವಿಷಯ ಮಾತ್ರ ಯಾರೂ ಎತ್ತಬಾರದು.

ಅಡಾಪ್ಟರ್ ಅಂತ ಕೇಳಿದರೆ ಎಸ್.ಪಿ. ರೋಡಿನಲ್ಲಿ ಎಲ್ಲರೂ "ಇದೆ ಸಾರ್" ಅಂತಾರೆ. ಒಂದು ತುದಿಗೆ ಯುಎಸ್‌ಬಿ, ಇನ್ನೊಂದು ತುದಿಗೆ ಒಂಬತ್ತು ಪಿನ್ನಿನ ಎರಡು ಬಾಯಿ. ಚುಚ್ಚಿದರೆ ವಿಂಡೋಸ್ ಜಾಯ್‌ಸ್ಟಿಕ್ ಅಂತ ಗುರುತೂ ಹಿಡಿಯುತ್ತೆ. ಗೇಮ್ ಮಾತ್ರ ಕ್ಯಾರೇ ಅನ್ನಲ್ಲ. 2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆ ಮೈಕ್ರೋಸಾಫ್ಟ್ ಎಕ್ಸ್‌ಇನ್‌ಪುಟ್ ಅಂತ, ಕಂಟ್ರೋಲರು ಗೇಮಿನ ಜೊತೆ ಮಾತಾಡೋ ಹೊಸ ಭಾಷೆ ತಂತಲ್ಲ, ಆಮೇಲಿನ ಎಷ್ಟೋ ಗೇಮುಗಳಿಗೆ ಅದು ಬಿಟ್ಟು ಬೇರೆ ಗೊತ್ತಿಲ್ಲ. ನಮ್ಮ ಅಗ್ಗದ ಡಬ್ಬಿ ಮಾತಾಡೋದು ಅದಕ್ಕಿಂತ ಹಳೇ ಭಾಷೆ, ಡೈರೆಕ್ಟ್‌ಇನ್‌ಪುಟ್. ಗೇಮ್ ಕೊಳ್ಳೋಕೆ, ಆಡೋಕೆ ಇರೋ ಸ್ಟೀಮ್ ಅನ್ನೋ ಸಾಫ್ಟ್‌ವೇರು ನಡುವೆ ಕೈ ಹಾಕಿದ ಮೇಲೇ ಸಂಧಾನ ಆಗಿದ್ದು. ಅನಲಾಗ್ ಗುಂಡಿ ಒತ್ತಿ ಕೆಂಪು ದೀಪ ಹತ್ತಿಸದೆ ಕಡ್ಡಿ ಅಲ್ಲಾಡಿಸಿದರೆ ಏನೂ ಆಗಲ್ಲ ಅನ್ನೋದು ಬೋನಸ್ ಜ್ಞಾನ.

ಒಂದು ನಷ್ಟ. ಆ ಕಂಟ್ರೋಲರಿನ ಗುಂಡಿಗಳಿಗೆ 256 ಹಂತದ ಒತ್ತಡ ಗೊತ್ತಾಗುತ್ತೆ, ಅರ್ಧ ಒತ್ತಿದರೆ ಕಾರು ಅರ್ಧ ವೇಗ, ನೆನಪಿದೆಯಾ? ನನ್ನ ಅಡಾಪ್ಟರಿಗೆ ಗೊತ್ತಿರೋದು ಒತ್ತಿದ್ದು, ಬಿಟ್ಟಿದ್ದು, ಎರಡೇ. ಇನ್ಮೇಲೆ ನಾನೂ ನಿನ್ನ ಹಾಗೇ ಡ್ರೈವ್ ಮಾಡಬೇಕು.

ಅದಿರಲಿ. ಫೈಟಿಂಗ್ ಗೇಮಿನಲ್ಲಿ ಒಂದು ಒದೆ ತಡೆಯೋಕೂ ಆಗ್ತಿರಲಿಲ್ಲ. ಅಡಾಪ್ಟರೇ ತಡ ಮಾಡ್ತಿದೆ ಅಂದ್ಕೊಂಡು ಮೊಬೈಲನ್ನ ಸ್ಲೋ ಮೋಷನ್ನಿಗೆ ಹಾಕಿದೆ, ಸೆಕೆಂಡಿಗೆ 240 ಫ್ರೇಮು, ಕೈಯೂ ಮಾನಿಟರೂ ಒಟ್ಟಿಗೆ ಕಾಣೋ ಹಾಗೆ. ಗುಂಡಿ ಒಳಗೆ ಹೋದ ಫ್ರೇಮಿನಿಂದ ಪರದೆಯ ಮೇಲಿನವನು ಕೈ ಎತ್ತುವ ಫ್ರೇಮಿನವರೆಗೆ ಎಣಿಸಿದರೆ ಲೆಕ್ಕ ಸಿಗುತ್ತೆ. ಅಡಾಪ್ಟರನ್ನ ದೂರೋ ಹಾಗೇನೂ ಇರಲಿಲ್ಲ.

ಅದೇ ವಿಡಿಯೋದಲ್ಲಿ ನನ್ನ ಹೆಬ್ಬೆರಳಿದೆ. ಎದುರಾಳಿ ಸೊಂಟ ತಿರುಗಿಸ್ತಾನೆ, ಕಾಲು ಎತ್ತುತ್ತಾನೆ, ಮುಖದ ಹತ್ತಿರ ತರ್ತಾನೆ. ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿದೆ. ಒದೆ ಬಿದ್ದು, ನನ್ನವನು ಕುಸಿಯೋಕೆ ಶುರುವಾದ ಮೇಲೆ ಗುಂಡಿ ಒಳಗೆ ಹೋಗುತ್ತೆ.

ಆಫೀಸಿನಲ್ಲೂ ಹೀಗೇ ಆಗ್ತಿದೆ ಕಣೋ. ಮೀಟಿಂಗಿನಲ್ಲಿ ಹುಡುಗರು ಏನೋ ಅಂದು ನಗ್ತಾರೆ, ಆ ನಗು ಮುಗಿಯೋ ಹೊತ್ತಿಗೆ ನನಗೆ ಅರ್ಥ ಆಗುತ್ತೆ. ಈಗೀಗ ಅರ್ಥ ಆಗೋಕೆ ಮುಂಚೆನೇ ನಕ್ಕುಬಿಡ್ತೀನಿ. ಮನೇಲಿ ಏನಾದ್ರೂ ಕೇಳಿದರೆ "ಆಂ?" ಅಂತೀನಿ. ಕೇಳಿಸದೇ ಅಲ್ಲ, ಒಂದು ಕ್ಷಣ ಟೈಮ್ ಸಿಗಲಿ ಅಂತ. ಅಪ್ಪನೂ ಮೊದಮೊದಲು ಹೀಗೇ "ಆಂ?" ಅಂತಿದ್ರು. ಕಿವಿ ಮಂದ ಆಯ್ತು ಅಂತ ಮಿಷನ್ ಕೊಡಿಸಿದ್ವಿ, ಜೊತೆಗೆ ನೀನೇ ಬಂದಿದ್ದೆ. ಕಿವಿ ಸರಿಯಾಗೇ ಇತ್ತು ಮಂಜ.

ಇಷ್ಟೆಲ್ಲ ಬರೆಯೋ ಯೋಚನೆ ಇರಲಿಲ್ಲ. ಈಗ ಅಳಿಸಿದರೂ ನಿನ್ನ ಹತ್ರ ಸ್ಕ್ರೀನ್‌ಶಾಟ್ ಇರುತ್ತೆ. ಕಣ್ಣಿಗೆ ಚಾಳೀಸು ಬಂದ ಹಾಗೆ ಹೆಬ್ಬೆರಳಿಗೂ ಬಂದಿದೆ ಅಂದ್ಕೋ. ಚಿಕ್ಕಮ್ಮಾ, ನೀವು ಓದ್ತಿದ್ರೆ ದಯವಿಟ್ಟು ಅಮ್ಮನಿಗೆ ಫೋನ್ ಮಾಡಬೇಡಿ, ನಾನು ಚೆನ್ನಾಗೇ ಇದೀನಿ, ತೂಕ ಬೇರೆ ಜಾಸ್ತಿ ಆಗಿದೆ.

ದಸರೆಗೆ ಬರ್ತೀಯಲ್ಲ, ವೈರಿಗೆ ಟೇಪ್ ಸುತ್ತಿರೋ ಕಂಟ್ರೋಲರ್ ನಿಂದು. ಒದೆ ಬೇಡ, ಕಾರ್ ಗೇಮೇ ಆಡೋಣ. ಯಾರೇ ಸೋತರೂ ಅಡಾಪ್ಟರ್ ಮೇಲೆ ಹಾಕೋದು ಅಂತ ಈಗಲೇ ಒಪ್ಪಂದ. ವಿಡಿಯೋ ಡಿಲೀಟ್ ಮಾಡಿದೀನಿ.

ನಿನ್ನ,
ಎರಡನೇ ಇಡ್ಲಿ