“ಇಂಜೆಕ್ಷನ್‌ಗೆ ಬಗ್ಗುತ್ತಿಲ್ಲ” ಅಂದರೆ ಹಾರ್ಮೋನಿನ ಆಟ ಮುಗಿಯಿತು ಅಂತಲ್ಲ

ಸಂಪಾದಕರಿಗೆ ನಮಸ್ಕಾರ,

ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ಬರುವ ಬರಹಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಿಸುತ್ತದೆ: “ಕಾಯಿಲೆ ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ಹಂತಕ್ಕೆ ಬಂತು.” ಅಲ್ಲಿಗೆ ಬರಹ ನಿಂತುಬಿಡುತ್ತದೆ. ನಮ್ಮ ತಂದೆಗೆ ಈ ಹಂತ ಬಂದಾಗ ಮನೆಯವರೆಲ್ಲ ಇನ್ನು ಹಾರ್ಮೋನಿಗೂ ಕಾಯಿಲೆಗೂ ಸಂಬಂಧವೇ ಇಲ್ಲ ಅಂದುಕೊಂಡೆವು. ಟೆಸ್ಟೋಸ್ಟಿರಾನ್ ತಗ್ಗಿಸುವ ಇಂಜೆಕ್ಷನ್ನನ್ನು ಸುಮ್ನೆ ಯಾಕೆ ಚುಚ್ಚಿಸಬೇಕು ಅಂತ ಡಾಕ್ಟರ ಜೊತೆ ವಾದ ಮಾಡಿದವನು ನಾನೇ. ಅದು ತಪ್ಪು ಅಂತ ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಬೇರೆ ಮನೆಯವರೂ ಇದೇ ತಪ್ಪು ಮಾಡಬಾರದು ಅಂತ ಈ ಪತ್ರ.

ಪ್ರಾಸ್ಟೇಟ್ ಜೀವಕೋಶದೊಳಗೆ ಆಂಡ್ರೋಜೆನ್ ರಿಸೆಪ್ಟರ್ ಅನ್ನುವ ಪ್ರೋಟೀನ್ ಇದೆ. ಟೆಸ್ಟೋಸ್ಟಿರಾನ್ ಬಂದು ಅಂಟಿಕೊಂಡರೆ ಅದು ಡಿಎನ್‌ಎ ಮೇಲೆ ಹೋಗಿ ಕೂತು, ಕೋಶ ಬೆಳೆಯಲು ಬೇಕಾದ ಜೀನ್‌ಗಳನ್ನು ಎಬ್ಬಿಸುತ್ತದೆ. ನಾವು ರಕ್ತದಲ್ಲಿ ಅಳೆಸುವ, ಪ್ರಾಸ್ಟೇಟ್ ಕೋಶಗಳು ತಯಾರಿಸುವ ಪಿಎಸ್‌ಎ ಅನ್ನುವ ಪ್ರೋಟೀನಿನ ಜೀನ್ ಕೂಡ ಅದು ಎಬ್ಬಿಸುವವುಗಳಲ್ಲಿ ಒಂದು. ದೇಹದಲ್ಲಿ ಹಾರ್ಮೋನ್ ತಯಾರಾಗುವುದನ್ನು ನಿಲ್ಲಿಸಿದರೆ ಹರಡಿದ ಕ್ಯಾನ್ಸರ್ ಕೂಡ ಕುಗ್ಗುತ್ತದೆ ಅಂತ ವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದರು, 1966ರಲ್ಲಿ ಅವರಿಗೆ ನೊಬೆಲ್ ಬಂತು. ಆಗ ವೃಷಣ ತೆಗೆದು ಮಾಡುತ್ತಿದ್ದುದನ್ನು ಈಗ ಇಂಜೆಕ್ಷನ್ ಮಾಡುತ್ತದೆ.

ಟೆಸ್ಟೋಸ್ಟಿರಾನ್ ಡೆಸಿಲೀಟರಿಗೆ 50 ನ್ಯಾನೋಗ್ರಾಂಗಿಂತ ಕೆಳಗೆ ಇಳಿದಿದ್ದರೂ ಪಿಎಸ್‌ಎ ಏರುತ್ತಲೇ ಇದ್ದರೆ ಕಾಯಿಲೆ ಬಗ್ಗುತ್ತಿಲ್ಲ ಅನ್ನುತ್ತಾರೆ. ಆದರೆ ಒಂದು ಕ್ಷಣ ಯೋಚಿಸಿ. ಪಿಎಸ್‌ಎ ಏರುತ್ತಿದೆ ಅಂದರೆ ಆ ರಿಸೆಪ್ಟರ್ ಇನ್ನೂ ದುಡಿಯುತ್ತಿದೆ ಅಂತ ತಾನೇ? ಹೆಚ್ಚಿನ ರೋಗಿಗಳಲ್ಲಿ ಆಗುವುದು ಇದೇ. ಕೆಲವರ ಗಡ್ಡೆಯಲ್ಲಿ ರಿಸೆಪ್ಟರ್‌ನ ಜೀನ್ ಹಲವು ಪ್ರತಿಗಳಾಗಿ, ಚೂರುಪಾರು ಹಾರ್ಮೋನ್ ಇದ್ದರೂ ಸಾಕಾಗುತ್ತದೆ. ಕೆಲವರಲ್ಲಿ ಗಡ್ಡೆ ತಾನೇ ಹಾರ್ಮೋನ್ ತಯಾರಿಸಿಕೊಳ್ಳುತ್ತದೆ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದಲೂ ಕಚ್ಚಾ ಸಾಮಗ್ರಿ ಬರುತ್ತದೆ. ಇನ್ನು ಕೆಲವರಲ್ಲಿ ರಿಸೆಪ್ಟರ್‌ನ ಆಕಾರ ಬದಲಾಗಿ, ತಡೆಯಲು ಕೊಟ್ಟ ಮಾತ್ರೆಯೇ ಅದನ್ನು ಎಬ್ಬಿಸಿಬಿಡುತ್ತದೆ! ಫ್ಲೂಟಮೈಡ್ ಅನ್ನುವ ಅಂಥ ಹಳೆಯ ಮಾತ್ರೆ ನಿಲ್ಲಿಸಿದಾಗ ಕೆಲವರ ಪಿಎಸ್‌ಎ ಇಳಿದದ್ದು ಇದಕ್ಕೇ. ಈ ರಿಸೆಪ್ಟರ್ ಇನ್ನೂ ಮುಖ್ಯ ಅನ್ನುವ ಕಾರಣಕ್ಕೇ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಹಾರ್ಮೋನ್ ತಯಾರಿಯನ್ನೇ ತಡೆಯುವ ಅಬಿರಾಟೆರೋನ್ ಮಾತ್ರೆ, ರಿಸೆಪ್ಟರನ್ನು ತಡೆಯುವ 2012ರ ಎಂಜಲುಟಮೈಡ್ ಮಾತ್ರೆ ಕೆಲಸ ಮಾಡಿದವು. ಡಾಕ್ಟರು ಹಳೆಯ ಇಂಜೆಕ್ಷನ್ ಮುಂದುವರಿಸಿ ಅನ್ನುವುದೂ ಇದಕ್ಕೇ.

ಅವೂ ಒಂದು ದಿನ ಸೋಲುತ್ತವೆ, ಅಲ್ಲೂ ಕಾರಣ ಒಂದೇ ಅಲ್ಲ. ಎಆರ್-ವಿ7 ಅನ್ನುವ ಮೊಟಕು ರಿಸೆಪ್ಟರ್ ಇದೆ, ಹಾರ್ಮೋನ್ ಅಂಟುವ ಭಾಗವೇ ಅದಕ್ಕಿಲ್ಲ, ಹಾರ್ಮೋನ್ ಇಲ್ಲದೆಯೇ ಸದಾ ಎದ್ದಿರುತ್ತದೆ. ಎಂಜಲುಟಮೈಡ್ ಹೋಗಿ ಕೂರಬೇಕಾದ ಜಾಗವೂ ಅದೇ ಭಾಗ. ರಕ್ತದಲ್ಲಿ ಓಡಾಡುವ ಕ್ಯಾನ್ಸರ್ ಕೋಶಗಳಲ್ಲಿ ಇದು ಸಿಕ್ಕವರಿಗೆ ಈ ಎರಡೂ ಮಾತ್ರೆಗಳಿಂದ ಉಪಯೋಗ ತೀರಾ ಕಡಿಮೆ ಅಂತ 2014ರಲ್ಲೇ ವರದಿಯಾಗಿದೆ. ಅಂಥವರಿಗೆ ಒಂದಾದ ಮೇಲೆ ಇನ್ನೊಂದು ಕೊಟ್ಟು ತಿಂಗಳುಗಳನ್ನು ಕಳೆಯುವುದು ನೋಡಿದರೆ ಸಂಕಟವಾಗುತ್ತದೆ. ಕೋಶದ ಬೆಳವಣಿಗೆಗೆ ಬ್ರೇಕ್ ಆಗಿರುವ ಪಿಟೆನ್ ಅನ್ನುವ ಜೀನ್ ಕಳೆದುಹೋದ ಗಡ್ಡೆಗಳದ್ದು ಬೇರೆ ದಾರಿ. ಅಲ್ಲಿ ಕೋಶಕ್ಕೆ ಬೆಳೆಯಲು ಹೇಳುವ ಎಕೆಟಿ ಅನ್ನುವ ಪ್ರೋಟೀನಿನ ಸಂಕೇತ ಜೋರಾಗುತ್ತದೆ, ರಿಸೆಪ್ಟರ್ ಅದುಮಿದರೆ ಎಕೆಟಿ ಇನ್ನೂ ಏರುತ್ತದೆ, ಎಕೆಟಿ ಅದುಮಿದರೆ ರಿಸೆಪ್ಟರ್ ಏಳುತ್ತದೆ. ಎರಡನ್ನೂ ಒಟ್ಟಿಗೆ ತಡೆಯುವ ಪ್ರಯತ್ನ ಹುಟ್ಟಿದ್ದು ಅದರಿಂದಲೇ.

ಬಿಆರ್‌ಸಿಎ2 ಥರದ ಡಿಎನ್‌ಎ ರಿಪೇರಿ ಜೀನ್ ಕೆಟ್ಟಿದ್ದರೆ 2020ರಿಂದ ಒಲಾಪಾರಿಬ್ ಅನ್ನುವ ಮಾತ್ರೆ ಇದೆ. ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವ ನೂರರಲ್ಲಿ ಸುಮಾರು 12 ಜನರಿಗೆ ಇಂಥ ದೋಷ ಹುಟ್ಟಿನಿಂದಲೇ ಇರುತ್ತದೆ ಅಂತ 2016ರ ಅಧ್ಯಯನ ಹೇಳಿತ್ತು. ಅಂದರೆ ಅದು ತಂದೆಯೊಬ್ಬರ ವಿಷಯವಲ್ಲ, ಮಕ್ಕಳದ್ದೂ ಹೌದು. ಹೆಣ್ಣುಮಕ್ಕಳಿಗೆ ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಜಾಸ್ತಿ. ಈ ದೋಷ ಹುಡುಕುವ ಜೀನ್ ಪರೀಕ್ಷೆಯ ಹೆಸರನ್ನೇ ನಾವು ತಡವಾಗಿ ಕೇಳಿದೆವು.

ಎಲ್ಲ ಗಡ್ಡೆಗಳೂ ರಿಸೆಪ್ಟರ್ ಹಿಡಿದೇ ಕೂತಿರುತ್ತವೆ ಅಂತಲೂ ನಾನು ಹೇಳುತ್ತಿಲ್ಲ. ಕೆಲವು ಅದನ್ನು ಬಿಟ್ಟು ನರಕೋಶದಂಥ ಗುಣ ತಳೆಯುತ್ತವೆ. ಆಗ ಪಿಎಸ್‌ಎ ಅಷ್ಟಾಗಿ ಏರದೆಯೂ ಕಾಯಿಲೆ ಬೆಳೆಯಬಹುದು, ಸ್ಕ್ಯಾನ್ ಮತ್ತು ಬಯಾಪ್ಸಿಯಲ್ಲೇ ಗೊತ್ತಾಗಬೇಕು.

ಹಾಗಾಗಿ ಒಂದು ಕೋರಿಕೆ. “ಪ್ರಾಸ್ಟೇಟ್ ಕ್ಯಾನ್ಸರಿಗೆ ಹೊಸ ಔಷಧಿ” ಅಂತ ಮುಂದಿನ ಸಲ ಹಾಕುವಾಗ, ಅದು ಗಡ್ಡೆಯಲ್ಲಿ ಯಾವ ಬದಲಾವಣೆ ಇದ್ದವರಿಗೆ, ಅದನ್ನು ತಿಳಿಯಲು ಯಾವ ಪರೀಕ್ಷೆ ಮಾಡಿಸಬೇಕು ಅಂತ ಎರಡು ಸಾಲು ಸೇರಿಸಿ. ಆ ಎರಡು ಸಾಲನ್ನು ಕತ್ತರಿಸಿ ಡಾಕ್ಟರ ಮುಂದೆ ಇಡುವವರು ಓದುಗರಲ್ಲಿ ಖಂಡಿತ ಇದ್ದಾರೆ.

ಇಂತಿ,
ನಿಮ್ಮ ಓದುಗ